ಮೂವತ್ತು ಮನೆ, ಎರಡು ಕಡಲ್ಗುದುರೆ

ನನ್ನ ತಲೆ ನನ್ನದೇ ಅಂಗಡಿಯ ಮೀನಿನ ತೊಟ್ಟಿಯೊಳಗಿತ್ತು!

ಕತ್ತಿನ ಮೇಲೆ ಬೋಳ ಚಾಯ್‌ನ ಕೈ. ಮೂಗಿನ ತುಂಬ ಉಪ್ಪುನೀರು. ಎದುರಿಗೊಂದು ಪಟ್ಟೆಮೀನು... ನನ್ನನ್ನೇ ದಿಟ್ಟಿಸುತ್ತಿತ್ತು.

ಎತ್ತಿದ.

"ಇವತ್ತೇ ಆಗಬೇಕು ಫುಂಗ್," ಕುರ್ಚಿಯಲ್ಲಿ ಕೂತಿದ್ದ ಅವನ ಧಣಿ ಮೌ ಅಂದ. "ಮೊಮ್ಮಗಳಿಗೆ ಮನೇಲೇ ಕಡಲ್ಗುದುರೆ ಬೇಕಂತೆ."

"ಆಗಲ್ಲ ಸಾಹೇಬ್ರೇ! ಹೊಸ ತೊಟ್ಟಿ ನೀರು ಹದಕ್ಕೆ ಬರೋಕೆ ಆರು ವಾರ ಬೇಕು. ಇಲ್ದಿದ್ರೆ ತಮ್ಮ ಉಚ್ಚೇಲಿ ತಾವೇ ಸಾಯ್ತವೆ."

ಮತ್ತೆ ಮುಳುಗಿಸಿದ.

ಮೌ ಯಾರು ಗೊತ್ತಲ್ಲ? ನಮ್ಮ ಪೇಟೆ ಮೋಂಗ್‌ಕೋಕಿನ ಬಿಲ್ಡರ್. ನನ್ನ ಅಂಗಡಿ, ಅದರ ಮೇಲಿನ ಐದು ಮಹಡಿ, ಮೂವತ್ತು ಸಂಸಾರ... ಎಲ್ಲವನ್ನೂ ಕೆಡವಲು ನೋಟಿಸ್ ಅಂಟಿಸಿದವನು. ಉಸಿರು ಬಂದ ಕೂಡಲೇ ಜೂಜಾಡಿದೆ.

"ಇವತ್ತೇ ಮಾಡ್ತೀನಿ. ಹೊಸವರ್ಷದ ಮುನ್ನಾದಿನದ ತನಕ ಕುದುರೆ ಬದುಕಿದ್ರೆ, ನಮ್ಮ ಕಟ್ಟಡ ಒಂದು ವರ್ಷ ಮುಟ್ಟಬಾರದು."

ಮೌ ನಕ್ಕ. "ಏಳು ದಿನ. ಆಯ್ತು. ಸತ್ರೆ ಹಬ್ಬಕ್ಕೆ ಮೊದಲೇ ಜಾಗ ಖಾಲಿ!"

ಗುಡ್ಡದ ಮೇಲಿನ ಅವನ ಮನೆಯಲ್ಲಿ ಎತ್ತರದ ತೊಟ್ಟಿ ನಿಲ್ಲಿಸಿದೆ. ನೀರಿನ ಸೆಳೆತ ಕಮ್ಮಿ ಮಾಡಿದೆ. ಬಾಲ ಸುತ್ತಿ ನಿಲ್ಲಲು ಕಡ್ಡಿ ನೆಟ್ಟೆ. ಆರು ವಾರ ಕದ್ದದ್ದು ಹೇಗೆ? ಅಂಗಡಿಯ ಹಳೇ ತೊಟ್ಟಿಯ ಸ್ಪಂಜನ್ನೇ ತಂದಿಟ್ಟೆ. ಕಂದು ಲೋಳೆ, ನಾತ! ಆ ಕೊಳೆಯಲ್ಲಿರುವ ಜೀವಾಣುಗಳೇ ನೀರಿನ ವಿಷ ತಿನ್ನುವುದು.

ಜೋಡಿಯನ್ನು ಬಿಟ್ಟೆ. ಗಂಡಿನ ಹೊಟ್ಟೆಚೀಲ ಉಬ್ಬಿತ್ತು. ಅವುಗಳಲ್ಲಿ ಬಸಿರು ಹೊರುವುದು ಗಂಡು.

ನಾಲ್ಕು ದಿನ ಸಿಗಡಿ ತಿಂದವು. ಐದನೇ ದಿನ ಫೋನ್. ಮೌ ಮನೆಯ ಕೆಲಸದ ಯಿಂಗಕ್ಕ.

"ಫುಂಗಣ್ಣ, ಕುದುರೆ ಯಾಕೋ ಬಾಯಿ ಬಿಡ್ತಿವೆ... ತೊಟ್ಟಿ ಮಾತ್ರ ಫಳಫಳ ಅಂತಿದೆ ನೋಡು!"

"ಸ್ಪಂಜು?"

"ಥೂ, ಅದನ್ನ ಹಂಗೇ ಬಿಡ್ತಾರಾ? ಬಿಸಿನೀರಲ್ಲಿ ಸೋಪು ಹಾಕಿ ಹಿಂಡಿದೆ. ಇವತ್ತು ಇಪ್ಪತ್ತೆಂಟಲ್ವಾ!"

ನಮ್ಮ ಚಾಂದ್ರಮಾನದ ಹನ್ನೆರಡನೇ ತಿಂಗಳ ಇಪ್ಪತ್ತೆಂಟು! ವರ್ಷದ ಕೊಳೆಯನ್ನೆಲ್ಲ ಮನೆಯಿಂದ ತೊಳೆದು ಹಾಕುವ ದಿನ. ಬೆಳಿಗ್ಗೆ ನಾನೇ ಅಂಗಡಿ ಉಜ್ಜಿದ್ದೆ... ಅವಳಿಗೊಂದು ಮಾತು ಹೇಳಿರಲಿಲ್ಲ!

ಇನ್ನೊಂದು ಹಳೇ ಸ್ಪಂಜನ್ನು ಚೀಲಕ್ಕೆ ತುರುಕಿದೆ. ಟ್ಯಾಕ್ಸಿ. ಸುರಂಗದಲ್ಲಿ ಟ್ರಾಫಿಕ್. ಆಚೆ ಬಂದಿದ್ದೇ ಇಳಿದು ಓಡಿದೆ. ಗುಡ್ಡದ ಮುನ್ನೂರು ಮೆಟ್ಟಿಲು... ಎದೆ ಒಡೆಯುವಂತೆ!

ಗೇಟಿನಲ್ಲಿ ಬೋಳ ಚಾಯ್.

"ಸಾಹೇಬ್ರು ನಿನ್ನ ಇಲ್ಲೇ ಕೂರಿಸು ಅಂದಿದ್ದಾರೆ."

"ಎಷ್ಟೊತ್ತು?"

"ಅವು ಸಾಯೋ ತನಕ."

ನುಗ್ಗಿದೆ. ಎತ್ತಿ ಎಸೆದ. ಮತ್ತೆ ನುಗ್ಗಿದೆ. ಮತ್ತೆ ಎಸೆದ.

"ಲೋ ಚಾಯ್! ನಮ್ಮ ಐದನೇ ಮಹಡೀಲಿರೋದು ನಿನ್ನ ಹೆತ್ತಮ್ಮ ಕಣೋ!"

ಅವನು ನನ್ನ ಕಡೆ ನೋಡಲಿಲ್ಲ.

ಗೇಟನ್ನೂ ತೆಗೆಯಲಿಲ್ಲ.

ಒಂದು ಗಂಟೆ. ಮೌ ಹೊರಗೆ ಬಂದ. ಅಂಗೈಯಲ್ಲಿ ಎರಡು ಬಾಗಿದ ದೇಹಗಳು. ಒಂದರ ಹೊಟ್ಟೆ ಇನ್ನೂ ಉಬ್ಬಿಯೇ ಇತ್ತು.

"ಐದೇ ದಿನ, ಫುಂಗ್! ಇರಲಿ, ವೇಸ್ಟ್ ಆಗಲ್ಲ. ಒಣಗಿಸಿ ಸೂಪಿಗೆ ಹಾಕ್ತಾರೆ. ಉಬ್ಬಸಕ್ಕೆ ಒಳ್ಳೇದು."

ಮರುದಿನ ಮೂವತ್ತು ಸಂಸಾರ ಪಾತ್ರೆಪಗಡೆ ಹೊತ್ತು ಬೀದಿಗಿಳಿದವು. ಚಾಯ್ ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ಇಳಿಸಿದ.

ಯಿಂಗಕ್ಕನಿಗೆ ಮುನ್ನೂರು ಸಲ ಉಜ್ಜಿದರೂ ಇಷ್ಟು ಚೊಕ್ಕಟ ಮಾಡಲಾಗುತ್ತಿರಲಿಲ್ಲ... ಹಬ್ಬಕ್ಕೆ ಮುಂಚೆ ಮೌ ಆ ಕಟ್ಟಡದಲ್ಲಿ ಒಂದೇ ಒಂದು ಕೊಳೆಯನ್ನೂ ಉಳಿಸಲಿಲ್ಲ!