ಸೀಟಿನ ಕೆಳಗಿನ ಮುಡಿಪು

ಕೆಂಪು ಕಾರು ಒಮ್ಮೆಲೇ ಮುಂದಕ್ಕೆ ನೆಗೆಯಿತು.

ಕಾಲಡಿ ಯಾವುದು ಬ್ರೇಕು, ಯಾವುದು ಆಕ್ಸಿಲರೇಟರು ಎಂಬುದೇ ನಾಗಶ್ರೀಗೆ ಮರೆತುಹೋಯಿತು. ಎದುರಿಗೆ ಗ್ಯಾರೇಜಿನ ಗೋಡೆ. ಗೋಡೆಗೂ ಕಾರಿಗೂ ನಡುವೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಮೆಕ್ಯಾನಿಕ್ ಮಾದೇಶ. ಅವಳು ಕಣ್ಣು ಮುಚ್ಚಿಕೊಂಡು, ಕಾಲಿಗೆ ಸಿಕ್ಕಿದ್ದನ್ನು ಬಲವಾಗಿ ತುಳಿದಳು.

ಕಾರು ನಿಂತಿತು. ಅವನ ಮೊಣಕಾಲಿಗೂ ಬಂಪರಿಗೂ ಮಧ್ಯೆ ಒಂದು ಗೇಣು ಜಾಗ ಇತ್ತೋ ಇಲ್ಲವೋ.

"ಬ್ರೇಕು ಚೆನ್ನಾಗದೆ ಮೇಡಂ," ಎಂದ ಮಾದೇಶ, ನಿಂತಲ್ಲಿಂದ ಅಲುಗದೆ. "ನೋಡುದ್ರಲ್ಲ."

ನಾಗಶ್ರೀ ಸ್ಟೀರಿಂಗಿಗೆ ಹಣೆ ಆನಿಸಿ ಅತ್ತುಬಿಟ್ಟಳು.

ಅವನು ಬೈಯಲಿಲ್ಲ. ನೀರಿನ ಬಾಟಲಿ ತಂದು, ಕಾರು ನೆಲಕ್ಕೆ ಅಂಟಿಕೊಂಡಷ್ಟು ತಗ್ಗಾಗಿದ್ದುದರಿಂದ, ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವಳ ಅಳು ನಿಲ್ಲುವವರೆಗೂ ಬಾಟಲಿ ಹಿಡಿದೇ ಇದ್ದ. ಆಮೇಲೆ, ನಾಳೆ ಬನ್ನಿ, ನಾಳೆ ನಾನು ಗೋಡೆ ಮುಂದೆ ನಿಲ್ಲುವುದಿಲ್ಲ ಎಂದ.

'ಇವನು ಯಾಕೆ ಓಡಲಿಲ್ಲ? ಯಾರಾದರೂ ಓಡುತ್ತಿದ್ದರು...' ತನ್ನೂರು ಮಾಂಬಳ್ಳಿಯ ಬಸ್ಸು ಹತ್ತಿದ ಮೇಲೂ ನಾಗಶ್ರೀಗೆ ಅದೇ ಯೋಚನೆ.

ಅಂಜುಬುರುಕಿ ಎಂಬ ಹೆಸರು ಅವಳಿಗೆ ಚಿಕ್ಕಂದಿನಿಂದಲೇ ಅಂಟಿತ್ತು. ಗುಡುಗಿದರೆ ಭಯ, ನಾಯಿ ಬೊಗಳಿದರೆ ಭಯ, ಕೆಲಸಕ್ಕಿದ್ದ ಕೊಳ್ಳೇಗಾಲದ ರೇಷ್ಮೆ ಕಚೇರಿಯಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಂಡರೂ ಭಯ. ಮೂವತ್ತು ತುಂಬಿದ ಆ ವರ್ಷ ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ಎಲ್ಲ ಸರಿ, ಆದರೆ ನೆರಳು ಕಂಡರೂ ಬೆಚ್ಚುತ್ತಾಳೆ ಎಂದು ಹೇಳಿ ಕಳಿಸಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಅವಳಿಗೆ ಭಯವಿಲ್ಲದ ಒಂದೇ ಒಂದು ವಸ್ತುವೆಂದರೆ ಆ ಕಾರು. ಎರಡು ವರ್ಷದಿಂದ ದಿನವೂ ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಎರಡೇ ಸೀಟು, ಮಡಚುವ ಚಾವಣಿ, ಚಿಗರೆಯ ಹಾಗೆ ಓಡಲು ಹುಟ್ಟಿದ ವಿದೇಶಿ ಗಾಡಿ. ಗ್ರಾನೈಟ್ ವ್ಯಾಪಾರಿ ಪುಟ್ಟಬಸಪ್ಪ ಶೋಕಿಗೆಂದು ತಂದು, ಒಮ್ಮೆ ಕೂತ ಮೇಲೆ ಏಳಲಾಗದೆ ಇಬ್ಬರ ಕೈಯಲ್ಲಿ ಎಳೆಸಿಕೊಂಡು, ಆವತ್ತೇ ಮಾದೇಶನ ಗ್ಯಾರೇಜಿಗೆ ಮಾರಾಟಕ್ಕೆ ಬಿಟ್ಟಿದ್ದ. ನಮ್ಮ ಕಡೆಯ ಹಂಪುಗಳಿಗೆ ಹೆದರಿ ಯಾರೂ ಕೊಂಡಿರಲಿಲ್ಲ. ಕೊನೆಗೆ ಕೊಂಡವಳು ಯಾರೆಂದರೆ, ತನ್ನ ನೆರಳಿಗೂ ಬೆಚ್ಚುವ ನಾಗಶ್ರೀ!

ತಾಯಿ ಕೆಂಪಾಜಮ್ಮ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಉಂಡು, ಒಂದು ಷರತ್ತು ಹಾಕಿದರು. ಯಾವ ಗಾಡಿ ಬಂದರೂ ಮೊದಲು ಮಲೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಪೂಜೆಯಾಗಬೇಕು, ಅದು ಮನೆಯ ಪದ್ಧತಿ.

"ನೀನೇ ಓಡುಸ್ಕಂಡು ಓಗು. ಬೆಟ್ಟ ಅತ್ತಿ ಇಳುದ್ರೆ ಗಾಡಿ ನಿಂದು. ಎದ್ರಿ ಅರ್ಧದಾರೀಲಿ ವಾಪಸ್ ಬಂದ್ಯೋ, ಮಾರ್ಬುಡ್ಬೇಕು."

ಬೆಟ್ಟದ ದಾರಿಯಲ್ಲಿ ಇಪ್ಪತ್ತೇಳು ತಿರುವು. ಆವತ್ತು ರಾತ್ರಿಯೆಲ್ಲ ನಾಗಶ್ರೀ ಕನಸಿನಲ್ಲಿ ಅವನ್ನೇ ಎಣಿಸಿದಳು.

ಮುಂದಿನ ಮೂರು ವಾರ ಮಾದೇಶ ಅಗರದ ರಸ್ತೆಯಲ್ಲಿ ಅವಳಿಗೆ ಕಲಿಸಿದ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಡಿ, ಗೇರು ಇಳಿಸಿ ಎಂದ. ಭಯವಾದರೆ ಬಾಯಿಬಿಟ್ಟು ಹೇಳಿ, ಹೇಳಿದರೆ ಅರ್ಧ ಕಡಿಮೆಯಾಗುತ್ತದೆ ಎಂದ. ಅವನ ಉಗುರಿನ ಸಂದಿನಲ್ಲಿ ಸದಾ ಕಪ್ಪು ಗ್ರೀಸು, ಮಾತಿನಲ್ಲಿ ಮಾತ್ರ ಒಂದು ಕಲೆಯೂ ಇಲ್ಲ. ಸಂಜೆ ಯಾವಾಗ ಆಗುತ್ತದೋ ಎಂದು ಕಾಯುವುದು ಕಾರಿಗಾಗಿ ಎಂದೇ ನಾಗಶ್ರೀ ತನಗೆ ತಾನೇ ಹೇಳಿಕೊಂಡಿದ್ದಳು.

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅವನು, ಮೊದಲನೇ ಸಲ ಅಲ್ಲವಾ, ನಾನೂ ಬರಲಾ ಎಂದು ಕೇಳಿದ. ಬೇಡವೆಂದಳು. ಅವನು ಪಕ್ಕದಲ್ಲಿದ್ದರೆ ಗೆದ್ದದ್ದು ತಾನೆಂದು ಹೇಗೆ ನಂಬುವುದು? ಅವನ ಮುಖ ಸಪ್ಪಗಾಯಿತು. ಹುಷಾರು ಎಂದಷ್ಟೇ ಹೇಳಿ, ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.

ಬೆಳಗ್ಗೆ ಎಂಟಕ್ಕೆ ಹೊರಟಳು. ಹನೂರು ದಾಟುವವರೆಗೆ ಎಲ್ಲವೂ ಸಸೂತ್ರ. ಆಮೇಲೆ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ಕಟಾವಿನ ಕಾಲದಲ್ಲಿ ಡಾಂಬರು ರಸ್ತೆಯೇ ಕಣ, ಓಡಾಡುವ ಗಾಡಿಗಳೇ ಒಕ್ಕುವ ಎತ್ತುಗಳು. ಬಸ್ಸು, ಲಾರಿ, ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಕೂತು ಅದರ ಮೇಲೆ ಹಾದುಹೋದ ನಾಗಶ್ರೀ ಯೋಚಿಸದೆ ಕಾರು ನುಗ್ಗಿಸಿದಳು. ತಾನು ಈಗ ಕೂತಿರುವುದು ಬಸ್ಸಲ್ಲ, ನೆಲ ಸವರಿಕೊಂಡು ಹೋಗುವ ಗಾಡಿ ಎಂಬುದು ಹೊಳೆಯಲೇ ಇಲ್ಲ.

ಕೌದಳ್ಳಿ ಇನ್ನೂ ದೂರವಿರುವಾಗ ಸುಟ್ಟ ವಾಸನೆ ಬಂತು.

'ಬ್ರೇಕಾ? ಇಂಜಿನ್ನಾ? ಮಾದಪ್ಪಾ...' ಕಾರು ನಿಲ್ಲಿಸಿದಳು. ಕೆಳಗಿಂದ ಬಿಳಿ ಹೊಗೆ ಎದ್ದು ಬಾಗಿಲನ್ನು ಮುತ್ತಿತು. ಇಳಿಯಬೇಕೆಂದು ಗೊತ್ತು, ಆದರೆ ಕಾಲು ಏಳಲಿಲ್ಲ.

ರಸ್ತೆ ಪಕ್ಕದಲ್ಲಿ ಹುರುಳಿ ಕೊಡವುತ್ತಿದ್ದ ಮುದುಕಿಯೊಬ್ಬಳು ಕೊಡಪಾನ ಹಿಡಿದು ಓಡಿಬಂದಳು. ದೊಡ್ಡಮಾದಮ್ಮ ಎಂದು ಆಮೇಲೆ ಹೆಸರು ಹೇಳಿದ ಆಕೆ ಮೊದಲು ನಾಗಶ್ರೀಯ ರಟ್ಟೆ ಹಿಡಿದು ಹೊರಗೆಳೆದಳು.

"ಇಳಿಯವ್ವ, ಇಳಿ ಮೊದ್ಲು. ಉಳ್ಳಿ ಸೊಪ್ಪು ಸುತ್ಕಂಡು ಒತ್ಕಂಡದ."

ನೀರು ಎರಚಿ, ಕವೆಗೋಲಿನಿಂದ ಕಾರಿನ ಹೊಟ್ಟೆ ಕೆಳಗೆ ಸುಟ್ಟು ಕರಿಯಾಗಿದ್ದ ಹುರುಳಿ ಸೊಪ್ಪನ್ನೆಲ್ಲ ಎಳೆದು ಹಾಕಿದಳು. ಹೊಗೆ ಅಡಗಿತು. ಕಾರಿಗೆ ಏನೂ ಆಗಿರಲಿಲ್ಲ. ನಾಗಶ್ರೀ ಫೋನಿಗಾಗಿ ತಡಕಾಡಿದಳು.

ಫೋನು ಸೀಟಿನ ಕೆಳಗೆ ಬಿದ್ದಿತ್ತು. ತೆಗೆಯಲು ಬಗ್ಗಿದವಳು ಹಾಗೇ ನಿಂತಳು. ಸೀಟಿನ ಕಬ್ಬಿಣದ ಸರಳಿಗೆ ಒಂದು ಹಳದಿ ಗಂಟು ಕಟ್ಟಿತ್ತು. ಅರಿಶಿನದ ಬಟ್ಟೆ, ಒಳಗೆ ನಾಣ್ಯ.

ದೊಡ್ಡಮಾದಮ್ಮ ಅದನ್ನು ಕಂಡು ಕೈ ಮುಗಿದಳು.

"ಮಾದಪ್ಪನ ಮುಡುಪು ಕನವ್ವ ಇದು."

ಮುಡಿಪೆಂದರೆ ಏನೆಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಪ್ರಾಣಕ್ಕೆ ಬಂದಾಗ, ಕಾಯಿಲೆ ಬಿದ್ದಾಗ, ಗಾಡಿ ಮಗುಚಿದಾಗ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಹರಕೆ ಹೊರುತ್ತಾರೆ, ಹರಕೆ ತೀರಿದ ಮೇಲೆ ಹುಂಡಿಗೆ ಹಾಕುತ್ತಾರೆ. ಗಂಡಾಂತರವಿಲ್ಲದೆ ಯಾರೂ ಸುಮ್ಮನೆ ಕಟ್ಟುವುದಿಲ್ಲ.

'ಈ ಸೀಟಿನಲ್ಲಿ ಯಾರಾದರೂ ಸತ್ತಿದ್ದಾರಾ? ನನ್ನಿಂದ ಮುಚ್ಚಿಟ್ಟು ಮಾರಿದರಾ?'

ಮುದುಕಿ ಗಂಟನ್ನು ಮೂಸಿ ನೋಡಿ ಅನುಮಾನ ಇನ್ನೂ ಹೆಚ್ಚಿಸಿದಳು. ಅರಿಶಿನ ಒಂಚೂರೂ ಮಾಸಿಲ್ಲ, ಕಟ್ಟಿ ತಿಂಗಳೂ ಆಗಿಲ್ಲ ಎಂದಳು. ಬಟ್ಟೆಯ ಅಂಚಿನಲ್ಲಿ ಒಂದು ಕಪ್ಪು ಹೆಬ್ಬೆಟ್ಟಿನ ಗುರುತು. ಗ್ರೀಸು.

ಒಂದು ತಿಂಗಳಿಂದ ಈ ಕಾರನ್ನು ಮುಟ್ಟಿದವರು ಇಬ್ಬರೇ. ಒಬ್ಬಳು ತಾನು.

ಫೋನಿನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್. ಮಾದೇಶನಿಗೆ ಮಾಡಿದಳು. ಹೊಗೆ ಬಂದದ್ದು, ತಾನು ನಿಂತಿರುವ ಜಾಗ, ಮುಡಿಪು ಸಿಕ್ಕಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ನಾನೇ ಕಟ್ಟಿದ್ದು ಮೇಡಂ... ಭಯ ಆಗಿ..."

ಲೈನು ಕಡಿಯಿತು. ಮತ್ತೆ ಎಷ್ಟು ಒತ್ತಿದರೂ ಹೋಗಲಿಲ್ಲ.

ನಾಗಶ್ರೀ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದಳು. ಭಯವಾಗಿ ಕಟ್ಟಿದನಂತೆ! ಅಂದರೆ ಗಾಡಿಯಲ್ಲಿ ಏನೋ ದೋಷವಿದೆ. ಗೊತ್ತಿದ್ದೂ ಹೇಳದೆ, ದೇವರ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದಾನೆ. ಮುಂದೆ ಇಪ್ಪತ್ತೇಳು ತಿರುವು, ಹಿಂದೆ ಅವ್ವನ ಷರತ್ತು. ಮುಂದೆ ಹೋದರೆ ಪ್ರಾಣ ಹೋಗುತ್ತದೆ, ಹಿಂದೆ ಹೋದರೆ ಸಾಯುವ ತನಕ ಅಂಜುಬುರುಕಿಯೇ. ಅದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಇನ್ನೊಂದು. ತನ್ನ ಭಯವನ್ನು ನೋಡಿ ನಗದ ಒಬ್ಬನೇ ಒಬ್ಬ ಮನುಷ್ಯ ಅವನು ಎಂದುಕೊಂಡಿದ್ದಳು.

ಅತ್ತರೆ ಕೇಳುವವರಿಲ್ಲ ಎಂದು ಅತ್ತಳು. ದೊಡ್ಡಮಾದಮ್ಮ ಹುರುಳಿ ಕೊಡವುತ್ತಲೇ ಅಷ್ಟು ದೂರದಿಂದ ಸಮಾಧಾನ ಹೇಳಿದಳು.

"ಕಟ್ದವ್ನು ಬರ್ಲಿ ಬುಡವ್ವ. ಅರಕೆ ಯಾಕಂತ ಅವುನ್ ಬಾಯಲ್ಲೇ ಕೇಳು. ನೀನೇ ಕತೆ ಕಟ್ಕಬ್ಯಾಡ."

ಮುಕ್ಕಾಲು ಗಂಟೆಗೆಲ್ಲ ಬೈಕಿನ ಸದ್ದು ಕೇಳಿತು. ಮಾದೇಶ ಬೈಕನ್ನು ಸರಿಯಾಗಿ ನಿಲ್ಲಿಸಲೂ ಇಲ್ಲ, ಅದು ಹುರುಳಿಯ ಮೇಲೆ ಮಗುಚಿಕೊಂಡಿತು. ಕಾರಿನ ಕಡೆ ತಿರುಗಿಯೂ ನೋಡದೆ ಓಡಿಬಂದು, ಅವಳ ಕೈ ಸುಟ್ಟಿದೆಯೇ, ಕಾಲು ಸುಟ್ಟಿದೆಯೇ ಎಂದು ಹುಡುಕಿದ. ತಲೆ ತುಂಬ ಧೂಳು, ತುಟಿ ಒಣಗಿತ್ತು. ಮೊಣಕಾಲಿನ ತನಕ ಕಾರು ನುಗ್ಗಿದಾಗ ಅಲುಗದವನು ಈಗ ನಡುಗುತ್ತಿದ್ದ.

ಆದರೂ ನಾಗಶ್ರೀ ಕರಗಲಿಲ್ಲ. ಎದ್ದು ನಿಂತಳು. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ.

"ಏನು ದೋಷ ಇದೆ ಈ ಗಾಡೀಲಿ? ಗೊತ್ತಿದ್ದೇ ನನಗೆ ಕೊಟ್ರಾ?"

"ದೋಷವಾ?" ಮಾದೇಶ ತಬ್ಬಿಬ್ಬಾದ. "ಒಂದೂ ಇಲ್ಲ ಮೇಡಂ. ಒಂದೊಂದು ನಟ್ಟೂ ನಾನೇ ಬಿಚ್ಚಿ ನಾನೇ ಬಿಗಿಮಾಡಿವ್ನಿ."

"ಮತ್ತೆ ಯಾಕೆ ಮುಡಿಪು? ಭಯ ಆಗಿ ಅಂದ್ರಲ್ಲ."

ಅವನು ನೆಲ ನೋಡಿದ. ಕಾಲಡಿಯ ಹುರುಳಿ ಕಾಳನ್ನು ಚಪ್ಪಲಿಯಿಂದ ಉರುಳಿಸಿದ.

"ಅವತ್ತು ಸ್ಟೀರಿಂಗ್ ಮ್ಯಾಲೆ ತಲೆ ಇಟ್ಟು ಅತ್ರಲ್ಲ... ಗಾಡಿ ಮೈಮ್ಯಾಲೆ ಬಂದಾಗ ಆಗದ ಭಯ ಆಗ ಆಯ್ತು. ಇಷ್ಟು ಕಷ್ಟಪಟ್ಟು ಧೈರ್ಯ ಮಾಡಿ ಬಂದವ್ರೆ, ಒಂದಿನ ಈ ಗಾಡಿ ನಡುದಾರೀಲಿ ಕೈ ಬುಟ್ರೆ ಇನ್ಯಾವತ್ತೂ ಸ್ಟೀರಿಂಗ್ ಮುಟ್ಟಲ್ಲ ಅನ್ನುಸ್ತು. ಅದಕ್ಕೆ ಕಟ್ದೆ. ಇವ್ರ ಕೈಲಿ ಗಾಡಿ ಯಾವತ್ತೂ ಕೆಟ್ಟು ನಿಲ್ಲಬಾರ್ದು ಮಾದಪ್ಪ ಅಂತ."

ದೊಡ್ಡಮಾದಮ್ಮನಿಗೆ ತಡೆಯಲಾಗಲಿಲ್ಲ. "ಲೇ, ನೀನು ರಿಪೇರಿ ಮಾಡೋನಲ್ವಾ? ಗಾಡಿ ಕೆಡ್ದೆ ಓದ್ರೆ ನಿನ್ ಒಟ್ಟೆಪಾಡು ಏನ್ಲಾ?"

"ಒಟ್ಟೆಪಾಡು ಆಚೆಗಿರ್ಲಿ ಕನವ್ವ," ಎಂದ ಮಾದೇಶ. ಈಗ ಅವನು ನೋಡುತ್ತಿದ್ದುದು ನಾಗಶ್ರೀಯನ್ನು. "ಗಾಡಿ ಕೆಟ್ರೆ ಇವ್ರು ನನ್ ತಾವ ಬತ್ತಾರೆ. ಕೆಡ್ದಿದ್ರೆ ಬರಕೆ ಕಾರಣನೇ ಇಲ್ಲ. ಗಂಟು ಆಕುವಾಗ ಅದೂ ಗೊತ್ತಿತ್ತು. ಆದ್ರೂ ಆಕ್ದೆ."

ತನ್ನನ್ನು ಮತ್ತೆ ನೋಡುವ ಒಂದೇ ದಾರಿಯನ್ನು ಕೈಯಾರೆ ಮುಚ್ಚಿಕೊಂಡು ಹರಕೆ ಹೊತ್ತವನನ್ನು ಮೋಸಗಾರನೆಂದು ತಿಳಿದಳಲ್ಲ... ಕಣ್ಣು ಮತ್ತೆ ತುಂಬಿತು. ಈ ಸಲ ಅದು ಭಯಕ್ಕಲ್ಲ.

ದೊಡ್ಡಮಾದಮ್ಮ ಬೈಕನ್ನು ತನ್ನ ಮನೆ ಮುಂದೆ ನಿಲ್ಲಿಸಲು ಹೇಳಿ, ಹೊತ್ತೇರುತ್ತದೆ ಹೊರಡಿ ಎಂದು ಗದರಿದಳು. ವಾಪಸು ಬರುವಾಗ ತನ್ನ ಹುರುಳಿಯ ಮೇಲೆ ಮಾತ್ರ ಬರಕೂಡದು ಎಂದೂ ಸೇರಿಸಿದಳು. ಮಾದೇಶ ಕಾರಿನ ಕೆಳಗೆ ನುಸುಳಿ, ಎಲ್ಲ ನೋಡಿ, ಸರಿಯಾಗಿದೆ ಎಂದು ಎದ್ದ. ಆಮೇಲೆ ಬರಲೋ ಬೇಡವೋ ಎಂದು ಬಾಗಿಲ ಬಳಿ ನಿಂತುಕೊಂಡ.

ನಾಗಶ್ರೀ ಸ್ಟೀರಿಂಗಿನ ಹಿಂದೆ ಕೂತು, ಪಕ್ಕದ ಬಾಗಿಲು ತೆರೆದಳು.

ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ತೆಂಗಿನಕಾಯಿ ಒಡೆದು ಘಾಟಿ ಹತ್ತಿದರು. ಮೊದಲ ತಿರುವಿನಲ್ಲೇ ಅವಳು ಭಯ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದಳು. ಪ್ರತಿ ತಿರುವಿನಲ್ಲೂ ಹೇಳಿದಳು. ಹದಿಮೂರನೆಯದರಲ್ಲಿ ಕಾರು ಆಫ್ ಆಗಿ ಹಿಂದಕ್ಕೆ ಜಾರಿತು. ಬೆನ್ನಿಗೇ ಬಸ್ಸೊಂದು ಹಾರನ್ ಬಾರಿಸಿತು. ಹ್ಯಾಂಡ್ ಬ್ರೇಕು ಮಾದೇಶನ ಕೈಗೆಟುಕುವಂತಿತ್ತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ, ಮುಟ್ಟಲಿಲ್ಲ. ಅವಳೇ ಬ್ರೇಕು ತುಳಿದಳು, ಅವಳೇ ಕೀಲಿ ತಿರುಗಿಸಿದಳು, ಅವಳೇ ಹತ್ತಿಸಿದಳು. ಇಪ್ಪತ್ತೇಳೂ ಮುಗಿದು ಗೋಪುರ ಕಂಡಾಗ ಸೆರಗೆಲ್ಲ ಬೆವರಿನಲ್ಲಿ ತೊಯ್ದಿತ್ತು.

ಪೂಜೆಯಾಯಿತು. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ನಾಗಶ್ರೀ ಮನೆಗೆ ಫೋನ್ ಮಾಡಿ, ಹತ್ತಿದೆ, ಇಳಿಯುವುದೂ ನಾನೇ, ಗಾಡಿ ಮಾರುವುದಿಲ್ಲ, ಇನ್ನೊಂದು ವಿಷಯ ಇದೆ, ಬಂದು ಹೇಳುತ್ತೇನೆ ಎಂದಳು. ಕೆಂಪಾಜಮ್ಮ ಆ ಇನ್ನೊಂದು ವಿಷಯ ಏನೆಂದು ಮೂರು ಸಲ ಕೇಳಿದರು.

ಹುಂಡಿಯ ಮುಂದೆ ಮಾದೇಶ ಕೈ ಚಾಚಿದ. ಮುಡಿಪನ್ನು ಕಟ್ಟಿದವನೇ ಹಾಕಬೇಕು. ನಾಗಶ್ರೀ ಸೀಟಿನ ಸರಳಿನಿಂದ ಬಿಚ್ಚಿ ತಂದಿದ್ದ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.

"ಗಾಡಿ ಯಾವತ್ತೂ ಕೆಡಬಾರದು ಅಂತ ತಾನೆ ಹರಕೆ? ಕೆಡಲಿಲ್ಲ ಅಂತ ಯಾವಾಗ ಗೊತ್ತಾಗೋದು?"

ಅವನು ನಿಜವಾಗಿಯೂ ಯೋಚಿಸಿದ. "ಕೊನೇ ತನಕ ಓಡುಸುದ್ ಮ್ಯಾಲೆ."

"ಹಾಗಾದ್ರೆ ಇದನ್ನ ಈಗಲೇ ಹುಂಡಿಗೆ ಹಾಕೋ ಹಾಗಿಲ್ಲ."

"ಅಲ್ಲೀ ತನಕ...?"

"ಗಾಡೀಲೇ ಇರ್ಲಿ. ಕಟ್ಟಿದವರೂ ಪಕ್ಕದಲ್ಲೇ ಇರ್ಲಿ."

ಮಾದೇಶ ಕಾರಿನ ಬಳಿ ಬಂದು, ಮಂಡಿಯೂರಿ, ಅದೇ ಸರಳಿಗೆ ಅದೇ ಗಂಟನ್ನು ಮತ್ತೆ ಕಟ್ಟಿದ.

"ಮೇಡಂ..."

"ನಾಗಶ್ರೀ ಅನ್ನಿ."

ಅವನು ಹೆಸರು ಹೇಳದೆ ಪಕ್ಕದ ಸೀಟಿನಲ್ಲಿ ಬಂದು ಕೂತ. ಮುಂದೆ ಇಳಿಜಾರು ಕಾಯುತ್ತಿತ್ತು.

"ಭಯ ಆಯ್ತದೆ," ಎಂದ.

"ನನಗೂ," ಎಂದು ನಾಗಶ್ರೀ ಕೀಲಿ ತಿರುಗಿಸಿದಳು.