ಗೋಪುರದ ಕೆಳಗಿನ ಹದಿನೇಳು ಜನ

ಗಡಿಯಾರಗಳಿಗೆ ನಿಮಿಷದ ಮುಳ್ಳು ಬರುವುದಕ್ಕೂ ಮೊದಲು, ಹಿಮಬೆಟ್ಟಗಳಾಚೆ ಓಸ್ಟ್ರೆಲ್ ಎಂಬ ರಾಜ್ಯವಿತ್ತು. ಅಲ್ಲಿನ ಹಳೆಯ ಚೌಕದಲ್ಲಿ ಕೂತು ಲಿಯೊನಾರ್ಟ್ ಎಂಬ ಮಾಂತ್ರಿಕ ಜಲವರ್ಣದ ಚಿತ್ರ ಬರೆದ. ಇಗರ್ಜಿಯ ಗೋಪುರ, ವಾಲಿದ ಮನೆಗಳು, ಕಾರಂಜಿ. ಮಾಯೆ ಇದ್ದದ್ದು ಅವನ ಕುಂಚದಲ್ಲಿ. ಅದು ಬರೆದ ಮನುಷ್ಯರು ಚೌಕದಿಂದ ಮಾಯವಾಗಿ ಕಾಗದದೊಳಗೆ ನಿಂತುಬಿಡುತ್ತಿದ್ದರು. ಹೀಗೆ ಹದಿನೇಳು ಜನ ಹೋದರು. ರಾಜ ಚಿತ್ರ ನೋಡಿ, ಎಂಥ ಪ್ರಶಾಂತ ಊರು ಎಂದು ಬಿರುದು ಕೊಟ್ಟ.

ಹೋದವರಲ್ಲಿ ರೊಟ್ಟಿ ಸುಡುವ ಮಥಿಯಾಸ್ ಒಬ್ಬ. ಅವನ ಹೆಂಡತಿ, ಬಟ್ಟೆ ಒಗೆಯುವ ಆಗಾಥಾ, ಆಗ ಬಿಳಿ ಹಾಸುಬಟ್ಟೆ ಒಣಹಾಕುತ್ತ ಅದರ ಮರೆಯಲ್ಲಿದ್ದಳು. ಲಿಯೊನಾರ್ಟನ ಬಳಿ ಬಿಳಿ ಬಣ್ಣವಿರಲಿಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡುತ್ತಿದ್ದ. ಅದಕ್ಕೇ ಅವಳು ಉಳಿದಳು.

"ನನ್ನ ಗಂಡನನ್ನು ಕೊಡಿ," ಎಂದು ಅವನ ಬಳಿ ಹೋಗಿ ಕೇಳಿದಳು.

"ಯಾರಮ್ಮ?"

"ಗೋಪುರದ ಕೆಳಗೆ, ಬುಟ್ಟಿ ಹೊತ್ತವನು."

"ಓ, ಅದಾ. ಗೋಪುರ ಎಷ್ಟು ಎತ್ತರ ಅಂತ ಗೊತ್ತಾಗಲಿ ಅಂತ ಹಾಕಿದ್ದು. ಎರಡು ಗೆರೆ, ಒಂದು ಚುಕ್ಕೆ. ಮನುಷ್ಯನಿಗೆ ಅಷ್ಟು ಸಾಕು."

ಆಗಾಥಾಳ ಮೈ ಉರಿದುಹೋಯಿತು. ಹನ್ನೆರಡು ವರ್ಷ ಪಕ್ಕದಲ್ಲಿ ಗೊರಕೆ ಹೊಡೆದ ಗಂಡ ಈಗ ಅಳತೆಕೋಲು.

"ನಿನ್ನನ್ನೂ ಅಲ್ಲೇ ನಿಲ್ಲಿಸ್ತೀನಿ," ಎಂದು ಅವನು ಕುಂಚ ಎತ್ತಿದ. ಅವಳು ಹಾಸುಬಟ್ಟೆಯನ್ನು ಅಡ್ಡ ಹಿಡಿದಳು. ಕಾಗದದಲ್ಲಿ ಅವಳ ಜಾಗ ಖಾಲಿ ಉಳಿಯಿತು.

ಎರಡನೆಯ ದಿನ ಅವನು ಹಾಸುಬಟ್ಟೆಯ ಮೇಲಿನಿಂದ ನೋಡಲೆಂದು ಕಾರಂಜಿಯ ಕಟ್ಟೆ ಹತ್ತಿದ. ಅವಳು ಗಂಡನ ಹಿಟ್ಟನ್ನು ಅಡಿಯಿಂದ ಮುಡಿಯವರೆಗೆ ಬಳಿದುಕೊಂಡು ಬಂದಳು. ಆ ಜಾಗ ಮತ್ತೆ ಖಾಲಿ.

ಮೂರನೆಯ ದಿನ ಅವನು ನಕ್ಕ. "ಬಿಳಿಗೂ ನೆರಳಿರುತ್ತೆ. ನೆರಳನ್ನೇ ಬರೀತೀನಿ." ನೀಲಿ ಕಲಸಿ ಅವಳ ಕಾಲಬುಡದ ನೆರಳು ಎಳೆದ. ಅವಳ ಪಾದಗಳು ಕಾಗದದಷ್ಟು ತೆಳ್ಳಗಾದವು. ಮಂಡಿಗಳೂ ಹೋಗುವ ಮೊದಲು ಅವಳು ಮುಂದಕ್ಕೆ ಬಿದ್ದು ಕುಂಚ ಕಿತ್ತುಕೊಂಡಳು. ಚಿತ್ರ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಚಿತ್ರದ ಗೋಪುರದ ಕೆಳಗೆ ಎರಡು ಗೆರೆ ಎಳೆದಳು, ಒಂದು ಚುಕ್ಕೆ ಇಟ್ಟಳು.

ಲಿಯೊನಾರ್ಟ್ ಕೂತಿದ್ದ ಪೀಠ ಬರಿದಾಯಿತು.

"ಮೂಗೇ ಇಟ್ಟಿಲ್ಲ," ಎಂದು ಕಾಗದದೊಳಗಿನಿಂದ ಸಣ್ಣ ದನಿ ಬಂತು.

"ಗೋಪುರ ಅಳೆಯಲು ಮೂಗು ಬೇಕಿಲ್ಲ," ಎಂದಳು ಆಗಾಥಾ.

ಒದ್ದೆ ಬಟ್ಟೆ ಒತ್ತಿದರೆ ಬಣ್ಣ ಎದ್ದುಬರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ತನ್ನ ನೆರಳನ್ನು ಒತ್ತಿ ಎತ್ತಿದಳು, ಕಾಲು ಮರಳಿತು. ಆಮೇಲೆ ಒಬ್ಬೊಬ್ಬರನ್ನಾಗಿ ಹದಿನೇಳು ಜನರನ್ನು.

ಮಥಿಯಾಸ್ ಬುಟ್ಟಿ ಇಳಿಸಿದ. "ಒಲೆಯಲ್ಲಿ ರೊಟ್ಟಿ ಇಟ್ಟಿದ್ದೆ ಕಣೇ. ಸೀದುಹೋಯ್ತಾ?"

"ಇದ್ದಿಲಾಗಿದೆ. ನಡಿ ಮನೆಗೆ."

ಹದಿನೇಳು ಮನೆಗಳಲ್ಲೂ ಎಲ್ಲರೂ ಸುಖವಾಗಿ, ಜಗಳವಾಡಿಕೊಂಡು ಬಾಳಿದರು. ಚಿತ್ರವನ್ನು ರಾಜ ಅರಮನೆಯಲ್ಲಿ ತೂಗುಹಾಕಿದ. ಅದರ ಚೌಕದಲ್ಲಿ ಒಬ್ಬನ ಹೊರತು ಯಾರೂ ಇಲ್ಲದಿದ್ದರೂ, ಗೋಪುರ ಎಷ್ಟು ಎತ್ತರವೆಂದು ಅದರಲ್ಲಿ ಈಗಲೂ ಸರಿಯಾಗಿ ತಿಳಿಯುತ್ತದೆ.