ಎರಡನೇ ಡಬ್ಬಿ

"ಯಾಕ್ ಮೇಡಂ, ನಮ್ ಜೊತೆ ಕೂತು ಉಂಡ್ರೆ ನಿಮ್ಮ ಕಿರೀಟ ಬಿದ್ದೋಗುತ್ತಾ?"

ನನ್ನ ಬಸ್ಸಿನ ಡ್ರೈವರ್ ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಹೆದ್ದಾರಿ ಪಕ್ಕದ ಆ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿದರೆ ಡ್ರೈವರ್‌ಗೂ ಕಂಡಕ್ಟರ್ ಆದ ನನಗೂ ಊಟ ಪುಕ್ಕಟೆ. ಒಳಗೆ ನಮಗೆಂದೇ ಒಂದು ಟೇಬಲ್ಲು, ಅದರ ಮೇಲೆ ಎಣ್ಣೆ ಸೋರುವ ಕರಿದ ಕೋಳಿ, ಬೆಣ್ಣೆ ಮೆತ್ತಿದ ಬ್ರೆಡ್ಡು. ನಾನು ಮಾತ್ರ ಖಾಲಿ ಬಸ್ಸಿನಲ್ಲಿ ಕೂತು ಮನೆಯ ಡಬ್ಬಿ ಬಿಚ್ಚಿದ್ದೆ. ಬೇಯಿಸಿದ ಕಾಳು, ಸೌತೆಕಾಯಿ, ಒಂದು ಮೊಟ್ಟೆ. ಅವನಿಗೆ ಅದು ದೊಡ್ಡಸ್ತಿಕೆಯಾಗಿ ಕಂಡಿತ್ತು.

"ನಮ್ಮಪ್ಪನೂ ಡ್ರೈವರ್ರೇ," ಎಂದೆ. "ಇಪ್ಪತ್ತು ವರ್ಷ ಅದೇ ಟೇಬಲ್ಲಲ್ಲಿ ಉಂಡ್ರು. ಒಂದಿನ ಎದೆ ಉಜ್ಕೊಂಡು 'ಗ್ಯಾಸ್ ಅಷ್ಟೇ' ಅಂದ್ರು. ಘಾಟಿ ತಿರುವಲ್ಲಿ ಸ್ಟಿಯರಿಂಗ್ ಮೇಲೇ ಹೋಗಿಬಿಟ್ರು. ಬಸ್ಸು ಬಂಡೆಗೆ ಒರಗಿ ನಿಂತಿದ್ದಕ್ಕೆ ಜನ ಉಳಿದ್ರು."

ಅವನ ನಗು ಅಲ್ಲೇ ನಿಂತಿತು. ಮರುದಿನ ನನ್ನ ಪಕ್ಕದ ಸೀಟಿಗೆ ಬಂದು ಕೂತ. "ಒಂದು ಹೋಳು ಸೌತೆಕಾಯಿ ಸಿಗುತ್ತಾ?"

ಅಂದಿನಿಂದ ಎರಡು ಡಬ್ಬಿ.

"ಇದು ಊಟನಾ, ಮೇವಾ ಮೇಡಂ?" ಎಂದು ಗೊಣಗುತ್ತಿದ್ದ. ಆದರೂ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿಯಾಗುತ್ತಿತ್ತು. ನಾನು ಟಿಕೆಟ್ ಕೊಡುತ್ತಾ ಕೊನೆಯ ಸೀಟಿನವರೆಗೆ ಹೋದರೂ, ಅವನ ತಲೆಯ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ನನ್ನನ್ನೇ ಹುಡುಕುತ್ತಿದ್ದವು. ಸಿಕ್ಕಿಬಿದ್ದರೆ ರಸ್ತೆ ನೋಡುವ ನಾಟಕ.

"ಮುಂದೆ ನೋಡ್ಕೊಂಡು ಓಡ್ಸಿ!" ಎಂದು ಗದರಿ, ನಾನೇ ಮತ್ತೆ ಕನ್ನಡಿ ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಅವನು ನನಗೆ ಬೇಕಾಗಿದ್ದ.

ಒಳಗೆ ಅಳುಕೂ ಇತ್ತು. ಏರು ಬಂದಾಗಲೆಲ್ಲ ಅವನ ಬಲಗೈ ಎಡಭುಜ ಹಿಸುಕುತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದರೆ ನಗುತ್ತಿದ್ದ. "ಅವ್ರೇನಾದ್ರೂ ಬರೆದುಕೊಟ್ರೆ ಸ್ಟಿಯರಿಂಗ್ ಕಿತ್ಕೋತಾರೆ. ಆಮೇಲೆ ಕನ್ನಡೀಲಿ ನಿಮ್ಮನ್ನ ಯಾರು ನೋಡ್ತಾರೆ?"

ಅಡುಗೆಮನೆಯಲ್ಲಿ ಎರಡು ಡಬ್ಬಿ ಕಂಡ ಅಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಡ್ರೈವರ್ರಾ?" ಎಂದಳು. ನಾನು ತಲೆ ತಗ್ಗಿಸಿದೆ. "ಗಂಡ ಬರ್ತಾನೋ ಇಲ್ವೋ ಅಂತ ಬಾಗಿಲು ಕಾಯೋ ಕೆಲಸ ನನಗೇ ಸಾಕು ಮಗಳೇ. ನಿನಗೆ ಬೇಡ."

ಎರಡನೇ ಡಬ್ಬಿಯನ್ನು ಅವಳೇ ಕಪಾಟಿನ ಮೇಲಿಟ್ಟಳು. ನಾನು ಇಳಿಸಲಿಲ್ಲ. ಅದು ನನ್ನ ತಪ್ಪು.

ಮರುದಿನ ಒಂದೇ ಡಬ್ಬಿ ನೋಡಿ ಅವನು ಸೀದಾ ಹೋಟೆಲಿನೊಳಗೆ ಹೋದ. ಹತ್ತು ದಿನ ಹಾಗೇ ಹೋದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವನಿಗೆ ಊಟ ಬರಲಿಲ್ಲ, ನನಗೆ ಮಾತು ಬರಲಿಲ್ಲ.

ಹನ್ನೊಂದನೆಯ ದಿನ ಉಂಡು ಬಂದವನು ಬಸ್ಸು ಹತ್ತುವಾಗ ಬಾಗಿಲ ಕಂಬಿ ಹಿಡಿದು ನಿಂತ. ತಣ್ಣನೆ ಗಾಳಿ ಬೀಸುತ್ತಿತ್ತು. ಅವನ ಅಂಗಿ ಮಾತ್ರ ಬೆವರಿಗೆ ಬೆನ್ನಿಗಂಟಿತ್ತು.

"ಏನಾಯ್ತು?"

"ಗ್ಯಾಸ್ ಅಷ್ಟೇ, ಮೇಡಂ."

ಹಿಂದೆ ಪ್ರಯಾಣಿಕರು ಹೊತ್ತಾಯಿತೆಂದು ಕೂಗಾಡುತ್ತಿದ್ದರು. ಅಭ್ಯಾಸಬಲ, ನನ್ನ ಕೈ ಡಬಲ್ ಬೆಲ್ ಕೊಟ್ಟುಬಿಟ್ಟಿತು. ಬಸ್ಸು ಹೊರಟಿತು. ಅಪ್ಪನ ಕಂಡಕ್ಟರೂ ಅಂದು ಹೀಗೇ ಡಬಲ್ ಬೆಲ್ ಕೊಟ್ಟಿದ್ದನಂತೆ.

ಘಾಟಿ ಹತ್ತಿರವಾಗುತ್ತಿತ್ತು. ಕನ್ನಡಿಯ ಕಣ್ಣುಗಳು ನನ್ನನ್ನು ಹುಡುಕಲಿಲ್ಲ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಹಗ್ಗ ಜಗ್ಗಿದೆ. ಸಿಂಗಲ್ ಬೆಲ್. ಕಂಡಕ್ಟರ್ ಒಂದು ಬೆಲ್ ಕೊಟ್ಟರೆ ಯಾಕೆಂದು ಡ್ರೈವರ್ ಕೇಳುವ ಹಾಗಿಲ್ಲ, ನಿಲ್ಲಿಸಬೇಕು. ಮೊದಲ ತಿರುವು ಕಣ್ಣಿಗೆ ಬೀಳುವಾಗ ಬಸ್ಸು ಬದಿಗೆ ನಿಂತಿತು.

"ಯಾರು ಇಳೀಬೇಕು?" ಎಂದ, ತಿರುಗದೆ.

"ನೀನು," ಎಂದೆ. ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದಿದ್ದೆ. "ನೀನು ಇಳೀಬೇಕು."

ಅವನು ಹ್ಯಾಂಡ್‌ಬ್ರೇಕ್ ಎಳೆದ. ಕೀ ತೆಗೆದು ನನ್ನ ಅಂಗೈಗಿಟ್ಟ. "ಗ್ಯಾಸ್ ಅಲ್ಲ ಕಣೆ," ಎಂದ ಮೆಲ್ಲಗೆ. "ತುಂಬಾ ದಿನದಿಂದ ಗೊತ್ತು."

ಪ್ರಯಾಣಿಕರಿಗೆ ಹಿಂದೆ ಬರುವ ಬಸ್ಸು ಹತ್ತಲು ಹೇಳಿ, ಕೈ ಅಡ್ಡಹಾಕಿ ನಿಲ್ಲಿಸಿದ ಕಾರೊಂದರಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಅವನ ತಲೆ ನನ್ನ ತೊಡೆಯ ಮೇಲಿತ್ತು.

"ನಾಳೆ ಡಬ್ಬೀಲಿ ಏನು?"

"ಸೌತೆಕಾಯಿ. ಉಪ್ಪಿಲ್ಲ."

"ಸ್ಟಿಯರಿಂಗ್ ಇಲ್ಲದ ಡ್ರೈವರ್‌ಗೂ ಕೊಡ್ತೀಯಾ?"

"ಅಂಥವನಾದ್ರೆ ಮಾತ್ರ ನಮ್ಮಮ್ಮ ಒಪ್ಪೋದು."

ಅವನು ನಗಲು ನೋಡಿದ, ಆಗಲಿಲ್ಲ. ಕಣ್ಣು ಮುಚ್ಚಿತು. ಆಸ್ಪತ್ರೆ ಇನ್ನೂ ಆರು ಕಿಲೋಮೀಟರ್ ಇತ್ತು. ಮಾತಾಡಿಸುತ್ತಲೇ ಇರಿ ಎಂದು ಕಾರಿನವರು ಗಾಬರಿಯಿಂದ ಕೂಗಿದರು.

ಅವನ ಕೆನ್ನೆ ತಟ್ಟಿದೆ. "ನನ್ನ ನೋಡು. ಈಗ ಕನ್ನಡಿ ಬೇಡ, ಇಲ್ಲೇ ಇದೀನಿ. ನೋಡೋ!"

ಎಷ್ಟೋ ಹೊತ್ತಾದ ಮೇಲೆ ಅವನು ಕಣ್ಣು ತೆರೆದು ನನ್ನನ್ನೇ ನೋಡಿದ.